ಗಾಲ್ಫ್ ಕ್ಲಬ್‌ಗಳ ಓರೆ ಮತ್ತು 45 ಡಿಗ್ರಿ

ಎಸೆದ ವಸ್ತುವಿನ ಚಲನೆಯ ಪಾಠಕ್ಕೆ ನಾನು ಆಯ್ದುಕೊಂಡ ಉದಾಹರಣೆ ಗಾಲ್ಫ್ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು. ಒಬ್ಬ ಆಟಗಾರ ಹೆಚ್ಚೆಂದರೆ 14 ಕ್ಲಬ್ ಒಯ್ಯಬಹುದು. ಉದ್ದದ ಹೊಡೆತಕ್ಕೆ ಡ್ರೈವರ್; ಅದರ ಮುಖದ ಓರೆ ಸುಮಾರು 10 ಡಿಗ್ರಿ. ನಡುದೂರಕ್ಕೆ ಐರನ್‌ಗಳು: ಸಂಖ್ಯೆ ಏರಿದಂತೆ ಓರೆ ಹೆಚ್ಚು, ದೂರ ಕಡಿಮೆ. ಮರಳುಗುಂಡಿಯಿಂದ ಚೆಂಡೆತ್ತುವ ಸ್ಯಾಂಡ್ ವೆಜ್‌ಗೆ ಸುಮಾರು 56 ಡಿಗ್ರಿ. ಕುಳಿಯತ್ತ ಉರುಳಿಸಲು ಪಟರ್.

“45 ಡಿಗ್ರಿಗೆ ಅತಿ ದೂರ ಅಂದ್ರಲ್ಲ ಮಿಸ್, ಮತ್ತೆ ಡ್ರೈವರ್‌ಗೆ ಯಾಕೆ ಹತ್ತೇ?” ಎಂದಳು ಹಿಂದಿನ ಬೆಂಚಿನ ಹುಡುಗಿ. ಪಾಠಯೋಜನೆಯಲ್ಲಿ ಇಲ್ಲದಿದ್ದರೂ ನನಗೆ ಇದೇ ಪಾಠದ ತಿರುಳೆನಿಸಿತು. 45ರ ಲೆಕ್ಕದಲ್ಲಿ ಗಾಳಿಯೇ ಇಲ್ಲ. ಮೈದಾನದಲ್ಲಿ ಚೆಂಡು ಹಿಮ್ಮುಖವಾಗಿ ತಿರುಗುತ್ತ ಹಾರುವುದರಿಂದ ಗಾಳಿ ಅದನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಜೊತೆಗೆ, ಓರೆ ಹೆಚ್ಚಿದಷ್ಟೂ ಹೊಡೆತ ಚೆಂಡನ್ನು ತಿರುಗಿಸುವುದಕ್ಕೆ ಹೆಚ್ಚು ಖರ್ಚಾಗಿ ವೇಗ ಇಳಿಯುತ್ತದೆ. ಸೂತ್ರದ ಪಕ್ಕದಲ್ಲಿ ‘ಗಾಳಿ ಇಲ್ಲದಿದ್ದರೆ’ ಎಂದು ಅವಳಿಂದಲೇ ಬರೆಸಿದೆ.