ನಿಟ್ಟುಸಿರಿಗೂ ಒಂದು ಹಾಡು

'ಸುಗೊಹೆಸ್ಸೊ.' ಕೊರಿಯಾದಲ್ಲಿ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಮಾತಿದು. ಕೆಲಸ ಮುಗಿಸಿ ಹೊರಟ ಸಹೋದ್ಯೋಗಿಗೆ ಹೇಳುತ್ತಾರೆ, ಪರೀಕ್ಷೆ ಬರೆದು ಬಂದ ಮಗುವಿಗೆ ಹೇಳುತ್ತಾರೆ. 'ಸುಗೊ' ಎಂದರೆ ಪಟ್ಟ ಶ್ರಮ. ಗೆದ್ದೆಯಾ, ಸೋತೆಯಾ ಎಂದು ಕೇಳದೆ 'ಪಾಪ, ಎಷ್ಟು ಕಷ್ಟಪಟ್ಟೆ' ಎಂದು ಬೆನ್ನು ಸವರುವ ಮಾತು. 'ಓಕ್ಸಾಂಗ್ ದಾಲ್‌ಬಿತ್', ಅಂದರೆ 'ತಾರಸಿಯ ಬೆಳದಿಂಗಳು' ಎಂಬ ಚೆಂದದ ಹೆಸರಿನ ಇಬ್ಬರು ಗಾಯಕಿಯರ ತಂಡವೊಂದಿದೆ. 'ಇವತ್ತೂ ತುಂಬಾ ದಣಿದೆ' ಎಂಬ ಅರ್ಥ ಬರುವಂತೆ ಈ ಮಾತನ್ನೇ ಶೀರ್ಷಿಕೆಯಾಗಿಟ್ಟು ಅವರು ಒಂದು ಹಾಡು ಮಾಡಿದ್ದಾರೆ. ಅದರಲ್ಲಿ ಅಬ್ಬರವಿಲ್ಲ, ಕುಣಿತವಿಲ್ಲ. ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೇಳುವುದಕ್ಕೆಂದೇ ಮಾಡಿದಂತಿದೆ.

ಕೆ-ಪಾಪ್ ಎಂದರೆ ಬಣ್ಣದ ಕೂದಲು, ಮಿಂಚಿನ ವೇಗದ ನೃತ್ಯ, ಕಿರುಚುವ ಅಭಿಮಾನಿಗಳು ಎಂದಷ್ಟೇ ನಮ್ಮಲ್ಲಿ ಹಲವರ ಕಲ್ಪನೆ. ಅದೂ ಇದೆ. ಆದರೆ ಅದೇ ಅಂಗಡಿಯ ಹಿಂದಿನ ಕಪಾಟಿನಲ್ಲಿ ಬೇರೆ ಥರದ ಹಾಡುಗಳಿವೆ. ಸಮಾಧಾನಕ್ಕೆ ಕೊರಿಯನ್ನರು 'ವಿರೊ' ಎನ್ನುತ್ತಾರೆ. ಆ ಹೆಸರಿನಲ್ಲಿ ಅವರು ಹಾಡುಗಳ ಪಟ್ಟಿಗಳನ್ನೇ ಮಾಡಿಟ್ಟುಕೊಳ್ಳುತ್ತಾರೆ.

ಈ ಕಪಾಟು ನನಗೆ ತೆರೆದದ್ದು 2021ರಲ್ಲಿ. ಆ ವರ್ಷ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ, ನನ್ನ ಅಪ್ಪ ಹೋದರು. ಹತ್ತು ಜನ ಸೇರಿ ಅಳುವುದಕ್ಕೂ ಆಗದ ಕಾಲ ಅದು. ಶಿವಮೊಗ್ಗದ ನಮ್ಮ ಮನೆಯಲ್ಲಿ ಉಳಿದವರು ಅಮ್ಮ, ನಾನು, ಹತ್ತನೇ ತರಗತಿಯ ಮಗಳು. ಅಮ್ಮ ಮಾತು ಬಿಟ್ಟರು. ಬೆಳಿಗ್ಗೆ ಕಾಫಿ ಮಾಡುತ್ತಾ ಗುನುಗುತ್ತಿದ್ದ ದೇವರನಾಮವೂ ನಿಂತಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ, ಕೊನೆಗೆ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಮುಗಿಯುವುದೆಂದಾಯಿತು. ಅಲ್ಲಿಯವರೆಗಿನ ದಿನಗಳನ್ನು ಮೂವರೂ ಒಂದೇ ಸೂರಿನಡಿ, ಮೂರು ಮೂಲೆಗಳಲ್ಲಿ ಕಳೆದೆವು. ಆ ಮೂಲೆಗಳ ನಡುವೆ ಓಡಾಡಿದ್ದು ಮಗಳ ಫೋನಿನಿಂದ ಬರುತ್ತಿದ್ದ ಈ ಹಾಡುಗಳು. ನಿಮಗೂ ಒಂದು ಕಷ್ಟದ ವರ್ಷ ಎದುರಾಗಿದ್ದರೆ ಉಪಯೋಗಕ್ಕೆ ಬಂದೀತೆಂದು ಆರನ್ನು ಇಲ್ಲಿ ಹೇಳುತ್ತಿದ್ದೇನೆ.

ಉಸಿರು ಭಾರವಾದಾಗ

ಲೀ ಹೈ ಎಂಬ ಗಾಯಕಿಯ 2016ರ ಹಾಡಿನ ಹೆಸರು 'ಹನ್ಸುಮ್'. ಇಂಗ್ಲಿಷಿನಲ್ಲಿ 'ಬ್ರೀದ್' ಎಂದು ಕರೆದರೂ ಕೊರಿಯನ್ ಪದದ ನಿಜವಾದ ಅರ್ಥ ನಿಟ್ಟುಸಿರು. ದೊಡ್ಡದಾಗಿ ನಿಟ್ಟುಸಿರು ಬಿಟ್ಟರೆ 'ಸುಮ್ಮನೆ ಯಾಕೆ ಹಾಗೆ ಉಸಿರು ಬಿಡ್ತೀಯ' ಎಂದು ನಮ್ಮ ಹಿರಿಯರು ಗದರುತ್ತಾರಲ್ಲ? ಅಲ್ಲೂ 'ನೆಲ ಕುಸಿಯುವ ಹಾಗೆ ನಿಟ್ಟುಸಿರು ಬಿಡುವುದು' ಎಂಬ ನುಡಿಗಟ್ಟಿದೆ. ಈ ಹಾಡು ಅದನ್ನೇ ತಿರುಗಿಸಿ ಹೇಳುತ್ತದೆ. ಬಿಡು, ಮನಸಾರೆ ಬಿಡು, ಅದರಿಂದ ಯಾರಿಗೂ ನಷ್ಟವಿಲ್ಲ ಎನ್ನುತ್ತದೆ. ನಿನ್ನ ನೋವು ನನಗೆ ಪೂರ್ತಿ ಅರ್ಥವಾಗುತ್ತದೆ ಎಂದು ಅದು ಸುಳ್ಳು ಹೇಳುವುದಿಲ್ಲ. ಅರ್ಥವಾಗದಿದ್ದರೂ ಜೊತೆಗಿರುತ್ತೇನೆ ಎನ್ನುವುದು ಅದರ ಧಾಟಿ. ಸಾಂತ್ವನ ಹೇಳಲು ಬರುವವರು ಕಲಿಯಬೇಕಾದ ಪಾಠ ಅದು.

ಈ ಹಾಡನ್ನು ಬರೆದು ಕೊಟ್ಟವರು 'ಶೈನೀ' ತಂಡದ ಜೊಂಗ್‌ಹ್ಯೊನ್. 2017ರ ಡಿಸೆಂಬರಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೇ ಅವರು ತೀರಿಕೊಂಡರು. ಇನ್ನೊಬ್ಬರ ಭಾರ ಇಳಿಸುವ ಹಾಡು ಬರೆದವರಿಗೂ ಇಳಿಸಲಾಗದ ಭಾರವಿರಬಹುದು ಎಂಬುದನ್ನು ಮಗಳು ನನಗೆ ಹೇಳಿದಳು. ಅವತ್ತಿನಿಂದ ನಾವಿಬ್ಬರೂ ರಾತ್ರಿ ಊಟವಾದ ಮೇಲೆ 'ಇವತ್ತು ಹೇಗಿದ್ದೆ' ಎಂದು ಒಬ್ಬರನ್ನೊಬ್ಬರು ಕೇಳುವ ರೂಢಿ ಮಾಡಿಕೊಂಡೆವು.

ಅಗಲಿದವರು ನೆನಪಾದಾಗ

ಬಿಟಿಎಸ್ ಹೆಸರು ಕೇಳದ ಮಕ್ಕಳು ಈಗ ಕಡಿಮೆ. 2013ರಲ್ಲಿ ಶುರುವಾದ ಏಳು ಹುಡುಗರ ತಂಡ ಅದು. ಅವರ 'ಸ್ಪ್ರಿಂಗ್ ಡೇ' 2017ರ ಫೆಬ್ರುವರಿಯಲ್ಲಿ ಬಂತು. ಕೊರಿಯನ್ ಹೆಸರು 'ಬೊಮ್ನಾಲ್', ವಸಂತದ ದಿನ. ದೂರವಾದ ಗೆಳೆಯನನ್ನು ನೆನೆಯುತ್ತಾ, ಚಳಿಗಾಲ ಮುಗಿಯುವುದನ್ನು ಕಾಯುವ ಹಾಡು. ಇದರ ಬರವಣಿಗೆಯಲ್ಲಿ ತಂಡದ ಆರ್‌ಎಂ ಮತ್ತು ಶುಗಾ ಕೂಡ ಪಾಲುದಾರರು.

ಅನೇಕ ಕೊರಿಯನ್ನರಿಗೆ ಇದನ್ನು ಕೇಳಿದಾಗ ಸೆವೊಲ್ ಹಡಗು ನೆನಪಾಗುತ್ತದೆ. 2014ರ ಏಪ್ರಿಲ್ 16ರಂದು ಜೇಜು ದ್ವೀಪಕ್ಕೆ ಹೊರಟಿದ್ದ ಆ ಹಡಗು ಮುಳುಗಿ 304 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಹೊರಟಿದ್ದ ಹೈಸ್ಕೂಲ್ ಮಕ್ಕಳು. ಅವರ ನೆನಪಿಗೆ ದೇಶವೆಲ್ಲ ಹಳದಿ ರಿಬ್ಬನ್ ಕಟ್ಟಿತು. ಈ ಹಾಡಿನ ವಿಡಿಯೊದಲ್ಲೂ ಹಳದಿ ರಿಬ್ಬನ್‌ಗಳು ಕಾಣುತ್ತವೆ. ಹಾಡಿನಲ್ಲಿ ಯಾವ ದುರಂತದ ಹೆಸರೂ ಇಲ್ಲ. ಅದಕ್ಕೇ ಇರಬೇಕು, ಯಾರು ಯಾರನ್ನು ಕಳೆದುಕೊಂಡಿದ್ದಾರೋ ಅವರೆಲ್ಲರಿಗೂ ಅದರಲ್ಲಿ ಜಾಗವಿದೆ. ಬಿಡುಗಡೆಯಾಗಿ ವರ್ಷಗಳು ಕಳೆದರೂ ಅದು ಕೊರಿಯಾದ ಜನಪ್ರಿಯ ಹಾಡುಗಳ ಪಟ್ಟಿಯಿಂದ ಇಳಿಯಲಿಲ್ಲ.

ನಮ್ಮಲ್ಲಿ ಹಿಮ ಬೀಳುವುದಿಲ್ಲ. ಅಪ್ಪ ಹೋದ ಮೇಲೆ ಬಂದದ್ದು ಮುಂಗಾರು. ಜಡಿಮಳೆ ಹಿಡಿದ ಮಧ್ಯಾಹ್ನಗಳಲ್ಲಿ ಈ ಹಾಡು ಕೇಳಿದ್ದೇನೆ. ಕಾಯುವುದಕ್ಕೆ ಹಿಮವೇ ಬೇಕೆಂದಿಲ್ಲ.

ನಿದ್ದೆ ಬಾರದ ರಾತ್ರಿಗೆ

ಐಯು ಎಂಬ ಹೆಸರಿನಲ್ಲಿ ಹಾಡುವ ಲೀ ಜಿ-ಉನ್ ಕೊರಿಯಾದ ಮನೆಮಾತು. ಹುಟ್ಟಿದ್ದು 1993ರಲ್ಲಿ, ಮೊದಲ ಹಾಡು ಹಾಡಿದ್ದು 2008ರಲ್ಲಿ. ಬಾಲ್ಯದಲ್ಲಿ ಮನೆಯ ಸ್ಥಿತಿ ಕುಸಿದು, ಅಜ್ಜಿಯ ಜೊತೆ ಸಣ್ಣ ಕೋಣೆಯಲ್ಲಿ ಬೆಳೆದದ್ದನ್ನು ಅವರು ಮುಚ್ಚಿಟ್ಟಿಲ್ಲ. ನಿದ್ದೆ ಬಾರದ ತೊಂದರೆಯ ಬಗ್ಗೆಯೂ ಮಾತನಾಡಿದ್ದಾರೆ. 2017ರ ಅವರ ಹಾಡು 'ಬಾಮ್‌ಪ್ಯೊಂಜಿ', ಅಂದರೆ ರಾತ್ರಿಯ ಪತ್ರ. ಇಂಗ್ಲಿಷಿನಲ್ಲಿ 'ಥ್ರೂ ದ ನೈಟ್'. ಸಾಹಿತ್ಯ ಅವರದೇ. ಮುಖ್ಯವಾಗಿ ಗಿಟಾರ್, ಅದರ ಮೇಲೆ ಪಿಸುಮಾತಿನಂಥ ದನಿ. ತನಗೆ ನಿದ್ದೆ ಇಲ್ಲದವಳು ಪ್ರೀತಿಯವರಿಗೆ ಒಳ್ಳೆಯ ನಿದ್ದೆ ಹಾರೈಸಿ, ಅವರ ಕಿಟಕಿಯ ಬಳಿಗೆ ಮಿಣುಕುಹುಳವೊಂದನ್ನು ಕಳಿಸುವ ಕಲ್ಪನೆ. ಮಲೆನಾಡಿನ ನಮಗೆ ಮಿಣುಕುಹುಳುವಿನ ಪರಿಚಯ ಮಾಡಿಸಬೇಕಿಲ್ಲ. ಮಕ್ಕಳನ್ನು ಮಲಗಿಸುವಾಗ ಹಾಕಲು ಇದಕ್ಕಿಂತ ಒಳ್ಳೆಯ ಹಾಡು ನನಗೆ ಗೊತ್ತಿಲ್ಲ.

ಅಜ್ಜಿ ತಾತಂದಿರಿಗೂ ಒಂದು

ಕೊರಿಯನ್ ಹಾಡೆಂದರೆ ಹದಿಹರೆಯದವರಿಗೆ ಮಾತ್ರ ಎನ್ನುವವರಿಗೆ ಜೊನ್ ಇನ್-ಕ್ವೊನ್ ಅವರನ್ನು ಪರಿಚಯಿಸಬೇಕು. 'ದುಲ್‌ಗುಕ್ಹ್ವಾ', ಅಂದರೆ ಕಾಡುಸೇವಂತಿಗೆ ಎಂಬ ಹಳೆಯ ರಾಕ್ ತಂಡದ ಗಾಯಕ ಅವರು. 'ಚಿಂತೆ ಬೇಡ, ಪ್ರಿಯ ಜೀವವೇ' ಎಂಬ ಅರ್ಥದ ಹೆಸರಿರುವ ಅವರ 2004ರ ಹಾಡನ್ನು ಲೀ ಜುಕ್ ಎಂಬ ಗಾಯಕ ಮತ್ತೆ ಹಾಡಿದರು. ಅದು 2015ರಲ್ಲಿ ಶುರುವಾದ 'ರಿಪ್ಲೈ 1988' ಧಾರಾವಾಹಿಗಾಗಿ. ಸೋಲ್ ಒಲಿಂಪಿಕ್ಸ್ ನಡೆದ ವರ್ಷ, ಒಂದೇ ಗಲ್ಲಿಯ ಐದು ಮನೆಗಳು, ಮನೆಯಿಂದ ಮನೆಗೆ ಓಡಾಡುವ ಪಲ್ಯದ ಬಟ್ಟಲುಗಳು. ಇದಿಷ್ಟೇ ಕಥೆ. ನಮ್ಮ ವಠಾರಗಳನ್ನು ಕಂಡವರಿಗೆ ಯಾವುದೂ ಹೊಸದೆನಿಸದು.

ಮಗಳು ಇದನ್ನು ನೋಡುತ್ತಿದ್ದಾಗ ಅಮ್ಮ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಒಂದು ಸಂಜೆ ಧಾರಾವಾಹಿಯ ಹುಡುಗಿ ತಂದೆಯನ್ನು 'ಅಪ್ಪಾ' ಎಂದು ಕೂಗಿದಳು. ಅಮ್ಮ ತಲೆಯೆತ್ತಿ, 'ಏನಂದಳು ಅವಳು?' ಎಂದರು. ವಾರಗಳ ನಂತರ ಅವರಾಗಿ ಕೇಳಿದ ಮೊದಲ ಪ್ರಶ್ನೆ ಅದು. ಕೊರಿಯನ್ ಭಾಷೆಯಲ್ಲಿ ತಂದೆಯನ್ನು ಕರೆಯುವುದು 'ಅಪ್ಪ' ಎಂದೇ. ತಾಯಿ 'ಒಮ್ಮ'. ಮಗಳು ವಿವರಿಸಿದಳು. ಅಮ್ಮ ಅತ್ತರು, ಬಹಳ ಹೊತ್ತು ಅತ್ತರು. ಆಮೇಲೆ, 'ಮುಂದೆ ಏನಾಗುತ್ತೆ, ಹಾಕು' ಎಂದರು. ಅವತ್ತಿನಿಂದ ಮಗಳು ಇಂಗ್ಲಿಷ್ ಅಡಿಬರಹವನ್ನು ಓದಿ ಕನ್ನಡದಲ್ಲಿ ಹೇಳುವುದು, ಅಮ್ಮ ನಡುನಡುವೆ ಆ ಗಲ್ಲಿಯ ಹೆಂಗಸರಿಗೆ ಸಲಹೆ ಕೊಡುವುದು ನಡೆಯಿತು. ಇಪ್ಪತ್ತು ಕಂತು ಮುಗಿಯುವ ಹೊತ್ತಿಗೆ ಲೀ ಜುಕ್ ಹಾಡಿನ ರಾಗ ಅಮ್ಮನ ಬಾಯಲ್ಲಿತ್ತು. ಪದಗಳಲ್ಲ, ಬರೀ ರಾಗ.

ಎಲ್ಲವೂ ನಿಂತಂತೆ ಅನಿಸಿದಾಗ

2020ರ ಏಪ್ರಿಲ್‌ನಲ್ಲಿ ಸೋಲ್‌ನಿಂದ ಶುರುವಾಗಬೇಕಿದ್ದ ಬಿಟಿಎಸ್‌ನ ದೊಡ್ಡ ಪ್ರವಾಸ ಕೊರೊನಾದಿಂದಾಗಿ ನಿಂತುಹೋಯಿತು. ಮನೆಯಲ್ಲಿ ಕುಳಿತ ಹುಡುಗರು ಅದೇ ವರ್ಷ ನವೆಂಬರ್ 20ಕ್ಕೆ 'ಲೈಫ್ ಗೋಸ್ ಆನ್' ಎಂಬ ಹಾಡು ತಂದರು. ವಿಡಿಯೊ ನಿರ್ದೇಶಿಸಿದ್ದು ತಂಡದ ಕಿರಿಯ ಸದಸ್ಯ ಜೊಂಗ್‌ಕುಕ್. ಅದರಲ್ಲಿ ಅಬ್ಬರದ ವೇಷಗಳಿಲ್ಲ. ಏಳೂ ಜನ ಮನೆಯ ಬಟ್ಟೆಯಲ್ಲಿ ಸೋಫಾದ ಮೇಲೆ, ಹಾಸಿಗೆಯ ಮೇಲೆ ಕಾಲ ಕಳೆಯುತ್ತಾರೆ. ಬಹುಪಾಲು ಕೊರಿಯನ್ ಭಾಷೆಯಲ್ಲಿರುವ ಹಾಡೊಂದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿಗೇರಿದ್ದು ಅದೇ ಮೊದಲು. ಅಷ್ಟು ಜನ ಕೇಳಿದ್ದು ಸಡಗರದ ಹಾಡನ್ನಲ್ಲ, ದಿನಗಳು ಹೇಗೋ ಸಾಗುತ್ತವೆ ಎನ್ನುವ ಮೆಲುದನಿಯನ್ನು.

ಇದನ್ನು ನಾನು ಬೆಳಿಗ್ಗೆ ಪಾತ್ರೆ ತೊಳೆಯುವಾಗ ಕೇಳುತ್ತೇನೆ. ದುಃಖದ ಕಾಲದಲ್ಲೂ ಹಾಲು ತರಬೇಕು, ಬಟ್ಟೆ ಒಗೆಯಬೇಕು, ಕರೆಂಟ್ ಬಿಲ್ ಕಟ್ಟಬೇಕು. ಆ ಸಣ್ಣ ಕೆಲಸಗಳೇ ನಮ್ಮನ್ನು ಎತ್ತಿ ನಿಲ್ಲಿಸುತ್ತವೆ.

ಮನೆಯಿಂದ ಹೊರಗೆ ಕಾಲಿಡುವಾಗ

'ಗರ್ಲ್ಸ್ ಜನರೇಷನ್' ತಂಡದ ಮೊದಲ ಹಾಡು 'ಇನ್‌ಟು ದ ನ್ಯೂ ವರ್ಲ್ಡ್' ಬಂದದ್ದು 2007ರಲ್ಲಿ. ಕೊರಿಯನ್ ಹೆಸರಿನ ಅರ್ಥ 'ಮತ್ತೆ ಕಂಡ ಜಗತ್ತು'. ಆಗ ಅದು ಹೊಸ ಹುಡುಗಿಯರ ಉತ್ಸಾಹದ ಹಾಡಷ್ಟೇ. 2016ರಲ್ಲಿ ಸೋಲ್‌ನ ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಪ್ರತಿಭಟನೆಯಲ್ಲಿ ಪೊಲೀಸರ ಎದುರು ಕೈಕೈ ಹಿಡಿದು ಇದನ್ನೇ ಹಾಡಿದರು. 2024ರ ಡಿಸೆಂಬರಿನ ಚಳಿಯಲ್ಲಿ, ಸೇನಾ ಕಾನೂನು ಘೋಷಣೆಯ ವಿರುದ್ಧ ಬೀದಿಗಿಳಿದ ಯುವಜನರು ಕೈಯಲ್ಲಿ ಕೆ-ಪಾಪ್ ದೀಪದ ಕೋಲು ಹಿಡಿದು ಮತ್ತೆ ಹಾಡಿದರು. ಹಾಡು ಅದೇ, ಹಾಡುವವರ ಹೆಗಲ ಮೇಲಿನ ಭಾರ ಬೇರೆ.

ಮಗಳು ಪರೀಕ್ಷೆಯ ಎರಡೂ ಬೆಳಿಗ್ಗೆ ಇದನ್ನು ಕೇಳಿಕೊಂಡೇ ಮಾಸ್ಕ್ ಕಟ್ಟಿ ಹೊರಟಳು. ಹಿಂದಿನ ವರ್ಷಗಳಲ್ಲಿ ಅವಳನ್ನು ಪರೀಕ್ಷೆಗೆ ಸ್ಕೂಟರಿನಲ್ಲಿ ಬಿಟ್ಟುಬರುತ್ತಿದ್ದವರು ನನ್ನ ಅಪ್ಪ. ಅವತ್ತು ಸ್ಕೂಟರ್ ಓಡಿಸಿದ್ದು ನಾನು. ಸಂಜೆ ಬಂದವಳಿಗೆ 'ಹೇಗೆ ಬರೆದೆ' ಎಂದು ಯಾರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮ, ಮೊಮ್ಮಗಳಿಂದಲೇ ಕಲಿತ ಪದವನ್ನು ತಮ್ಮದೇ ಉಚ್ಚಾರದಲ್ಲಿ ಹೇಳಿದರು: 'ಸುಗೊಹೆಸ್ಸೊ.'

ಹೀಗೆ ಮಾಡಿ ನೋಡಿ

ಭಾಷೆ ಬಾರದಿದ್ದರೆ ಹೆದರಬೇಡಿ. ಮೊದಲು ಹಾಗೇ ಕೇಳಿ, ಎರಡನೇ ಸಲ ಅರ್ಥ ಹುಡುಕಿ ಓದಿ. ಮಕ್ಕಳು ಮನೆಯಲ್ಲಿದ್ದರೆ ಆ ಕೆಲಸ ಅವರಿಗೇ ಬಿಡಿ. ದೊಡ್ಡವರಿಗೆ ಏನನ್ನಾದರೂ ಕಲಿಸುವುದು ಮಕ್ಕಳಿಗೆ ಬಹಳ ಇಷ್ಟ. ಕೊರಿಯನ್ ಲಿಪಿ 'ಹಂಗುಲ್' ಕಲಿಯುವುದೂ ಸುಲಭ. ರಾಜ ಸೆಜೊಂಗ್ 1446ರಲ್ಲಿ ಸಾಮಾನ್ಯ ಜನರಿಗೆಂದೇ ಪ್ರಕಟಿಸಿದ ಲಿಪಿ ಅದು. ಈಗ ಬಳಕೆಯಲ್ಲಿರುವ ಮೂಲಾಕ್ಷರ 24 ಮಾತ್ರ. ನಮ್ಮ ಗುಣಿತಾಕ್ಷರದ ಹಾಗೆ ವ್ಯಂಜನಕ್ಕೆ ಸ್ವರ ಕೂಡಿಸಿ ಒಂದು ಪುಟ್ಟ ಕಟ್ಟಾಗಿ ಬರೆಯುತ್ತಾರೆ. ಕನ್ನಡ ಬಲ್ಲ ಮಗುವಿಗೆ ಒಂದೆರಡು ವಾರದ ಆಟ.

ಹಾಡುಗಳನ್ನು ದಿನದ ಹೊತ್ತಿಗೆ ಹಂಚಿಕೊಳ್ಳಿ. ಬೆಳಿಗ್ಗೆಗೊಂದು, ಸಂಜೆಗೊಂದು, ರಾತ್ರಿಗೊಂದು. ಒಂದೇ ದುಃಖದ ಹಾಡನ್ನು ಇಡೀ ದಿನ ತಿರುಗಿಸಿ ತಿರುಗಿಸಿ ಕೇಳಿದರೆ ಮನಸ್ಸು ಇನ್ನಷ್ಟು ಕುಗ್ಗಬಹುದು. ಸಾಧ್ಯವಾದಾಗಲೆಲ್ಲ ಇಯರ್‌ಫೋನ್ ತೆಗೆದು ಎಲ್ಲರೂ ಒಟ್ಟಿಗೆ ಕೇಳಿ.

ಇನ್ನೊಂದು ಮಾತು. ಹಾಡು ಜೊತೆಗಾರ, ವೈದ್ಯನಲ್ಲ. ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಸರಿಯಾಗಿ ಉಣ್ಣದೆ, ಮಲಗದೆ ಇದ್ದರೆ, ಬದುಕೇ ಬೇಡವೆಂಬ ಮಾತಾಡಿದರೆ ತಡಮಾಡಬೇಡಿ. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಮಗಳು ಈಗ ಬೇರೆ ಊರಿನ ಹಾಸ್ಟೆಲ್‌ನಲ್ಲಿದ್ದಾಳೆ. ತಿಂಗಳಿಗೊಂದು ಹೊಸ ಹಾಡು ಕಳಿಸುತ್ತಾಳೆ. ಅಮ್ಮ ಪೂರ್ತಿ ಕೇಳಿ ಅಂಕ ಕೊಡುತ್ತಾರೆ. ಕಳೆದ ತಿಂಗಳ ಹಾಡಿಗೆ ಹತ್ತಕ್ಕೆ ನಾಲ್ಕು ಬಂತು, 'ಗದ್ದಲ ಜಾಸ್ತಿ' ಎಂದು. ಅದನ್ನು ಹೇಳುವಾಗ ಅವರು ಕಾಫಿ ಸೋಸುತ್ತಿದ್ದರು, ನಡುವೆ ದೇವರನಾಮದ ಒಂದು ಸಾಲೂ ಗುನುಗಿದರು.