ಭಾರಿ ಲಾರಿಗಳ ಹೆದ್ದಾರಿ ಶುಲ್ಕ: ಲೆಕ್ಕದ ಕ್ರಮ ಮತ್ತು ವರ್ತಕರು ಗಮನಿಸಬೇಕಾದ ಅಂಶಗಳು

ಸರಕು ಸಾಗಣೆಯ ಬಿಲ್ಲಿನಲ್ಲಿ ಬಾಡಿಗೆ, ಹಮಾಲಿ ಮುಂತಾದ ಬಾಬ್ತುಗಳ ಜೊತೆಗೆ ‘ಟೋಲ್’ ಎಂಬ ಒಂದು ಸಾಲು ಇರುವುದು ಈಗ ಸಾಮಾನ್ಯ. ಬಾಡಿಗೆಯ ದರದ ಬಗ್ಗೆ ಚೌಕಾಸಿ ಮಾಡುವ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಈ ಸಾಲನ್ನು ಮಾತ್ರ ಸರ್ಕಾರದ ಶುಲ್ಕವೆಂದು ಭಾವಿಸಿ ಪರಿಶೀಲಿಸದೆ ಪಾವತಿಸುವುದುಂಟು. ವಾಸ್ತವದಲ್ಲಿ ಈ ಮೊತ್ತವು ನಿಶ್ಚಿತವಾದ ಸೂತ್ರವೊಂದರಿಂದ ಹುಟ್ಟುತ್ತದೆ. ಸೂತ್ರವನ್ನು ಅರಿತವರು ಬಿಲ್ಲನ್ನು ತಾಳೆ ನೋಡಬಹುದು. ಯಾವ ವಾಹನದಲ್ಲಿ, ಎಷ್ಟು ಸರಕನ್ನು, ಯಾವ ಅವಧಿಯಲ್ಲಿ ಕಳುಹಿಸಿದರೆ ಹೊರೆ ಕಡಿಮೆಯಾದೀತೆಂಬುದನ್ನೂ ನಿರ್ಧರಿಸಬಹುದು.

ರಾಷ್ಟ್ರೀಯ ಹೆದ್ದಾರಿಗಳ ಶುಲ್ಕಕ್ಕೆ ಆಧಾರವಾಗಿರುವುದು ಕೇಂದ್ರ ಸರ್ಕಾರವು 2008ರ ಡಿಸೆಂಬರ್ 5ರಂದು ಹೊರಡಿಸಿದ ಶುಲ್ಕ ನಿಯಮಗಳು ಮತ್ತು ಅವುಗಳಿಗೆ ಆಗಿಂದಾಗ್ಗೆ ಆಗಿರುವ ತಿದ್ದುಪಡಿಗಳು. ಅದಕ್ಕೆ ಮುಂಚಿನ ಒಪ್ಪಂದಗಳಿಗೆ ಒಳಪಟ್ಟ ಕೆಲವು ರಸ್ತೆಗಳ ದರಗಳು ಇದಕ್ಕಿಂತ ಭಿನ್ನವಾಗಿರಬಹುದು. ಈ ನಿಯಮಗಳ ಪ್ರಕಾರ ಶುಲ್ಕವು ಮೂರು ಅಂಶಗಳನ್ನು ಅವಲಂಬಿಸಿದೆ: ವಾಹನದ ವರ್ಗ, ರಸ್ತೆಯ ಉದ್ದ ಹಾಗೂ ಆಯಾ ವರ್ಷದ ಪರಿಷ್ಕೃತ ದರ.

ವಾಹನದ ವರ್ಗ

2007-08ನೇ ವರ್ಷವನ್ನು ಮೂಲ ವರ್ಷವಾಗಿ ಇಟ್ಟುಕೊಂಡು, ನಾಲ್ಕು ಅಥವಾ ಹೆಚ್ಚಿನ ಪಥಗಳ ಹೆದ್ದಾರಿಗೆ ಪ್ರತಿ ಕಿಲೋಮೀಟರಿಗೆ ಮೂಲದರವನ್ನು ಗೊತ್ತುಪಡಿಸಲಾಗಿದೆ. ಎರಡು ಇರುಸುಗಳ, ಅಂದರೆ ಎರಡು ಆಕ್ಸಲ್‌ಗಳ ಲಾರಿಗೆ 2.20 ರೂಪಾಯಿ, ಮೂರು ಇರುಸುಗಳ ವಾಣಿಜ್ಯ ವಾಹನಕ್ಕೆ 2.40 ರೂಪಾಯಿ, ನಾಲ್ಕರಿಂದ ಆರು ಇರುಸುಗಳ ವಾಹನಕ್ಕೆ 3.45 ರೂಪಾಯಿ, ಏಳು ಅಥವಾ ಅದಕ್ಕಿಂತ ಹೆಚ್ಚು ಇರುಸುಗಳ ವಾಹನಕ್ಕೆ 4.20 ರೂಪಾಯಿ. ಲಘು ವಾಣಿಜ್ಯ ವಾಹನಕ್ಕೆ ಈ ದರ 1.05 ರೂಪಾಯಿ. ಇಂದು ವಸೂಲಾಗುವ ದರಗಳು ಇವುಗಳಿಗಿಂತ ಬಹಳ ಹೆಚ್ಚಾಗಿವೆ. ಆದರೆ ಎಲ್ಲ ವರ್ಗಗಳೂ ಒಂದೇ ಸೂತ್ರದಂತೆ ಏರುವುದರಿಂದ ಅವುಗಳ ನಡುವಣ ಪ್ರಮಾಣವು ಹಾಗೆಯೇ ಉಳಿದಿದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಶುಲ್ಕವು ವಾಹನದ ಮೇಲೆಯೇ ಹೊರತು ಅದರಲ್ಲಿರುವ ಸರಕಿನ ಮೇಲಲ್ಲ. ಅನುಮತಿಸಿದ ಮಿತಿಯೊಳಗೆ ಲಾರಿಯು ತುಂಬಿ ಹೋದರೂ ಅರ್ಧ ಖಾಲಿಯಾಗಿ ಹೋದರೂ ತೆರಬೇಕಾದ ಮೊತ್ತ ಒಂದೇ. ಅರ್ಧ ಹೊರೆಯ ಲಾರಿಯಲ್ಲಿ ಪ್ರತಿ ಟನ್ ಸರಕಿನ ಮೇಲೆ ಬೀಳುವ ಶುಲ್ಕ ಇಮ್ಮಡಿಯಾಗುತ್ತದೆ.

60 ಕಿ.ಮೀ. ಉದ್ದದ ಹೆದ್ದಾರಿ ಭಾಗವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೂಲದರದಲ್ಲಿ ಎರಡು ಇರುಸಿನ ಲಾರಿಗೆ 132 ರೂಪಾಯಿ, ಮೂರು ಇರುಸಿನದಕ್ಕೆ 144 ರೂಪಾಯಿ, ಐದು ಇರುಸಿನದಕ್ಕೆ 207 ರೂಪಾಯಿ ಬರುತ್ತದೆ. ವಸೂಲು ಮಾಡುವಾಗ ಇದನ್ನು ಹತ್ತಿರದ ಐದು ರೂಪಾಯಿಗೆ ಸರಿಹೊಂದಿಸಲಾಗುತ್ತದೆ. 2018ರಲ್ಲಿ ಪರಿಷ್ಕರಿಸಿದ ಮಿತಿಯಂತೆ ಈ ಲಾರಿಗಳ ಒಟ್ಟು ತೂಕ, ವಾಹನದ ಸ್ವಂತ ತೂಕವೂ ಸೇರಿ, ಕ್ರಮವಾಗಿ 18.5, 28.5 ಮತ್ತು 43.5 ಟನ್. ಹಾಗಾಗಿ ಒಟ್ಟು ತೂಕದ ಪ್ರತಿ ಟನ್ನಿಗೆ ಬೀಳುವ ಹೊರೆ ಸುಮಾರು 7.14, 5.05 ಮತ್ತು 4.76 ರೂಪಾಯಿ. ಎರಡು ಇರುಸಿನ ಲಾರಿಗೆ ಬದಲಾಗಿ ಮೂರು ಇರುಸಿನದನ್ನು ಬಳಸಿದರೆ ಶುಲ್ಕವು ಶೇ. 9ರಷ್ಟು ಮಾತ್ರ ಹೆಚ್ಚಿ, ಒಟ್ಟು ತೂಕದ ಮಿತಿಯು ಶೇ. 54ರಷ್ಟು ಹೆಚ್ಚುತ್ತದೆ. ಇದರ ಪ್ರಯೋಜನ ದೊರೆಯುವುದು ಲಾರಿಯನ್ನು ತುಂಬಿಸುವಷ್ಟು ಸರಕು ಇದ್ದಾಗ ಮಾತ್ರ. ಒಂದೇ ಊರಿಗೆ ಚಿಲ್ಲರೆಯಾಗಿ ಸರಕು ಕಳುಹಿಸುವ ಇಬ್ಬರು ಮೂವರು ಸಣ್ಣ ಉದ್ಯಮಿಗಳು ಒಟ್ಟುಗೂಡಿ ಒಂದು ಲಾರಿಯನ್ನು ಗೊತ್ತುಮಾಡುವುದು ಈ ದೃಷ್ಟಿಯಿಂದ ಲಾಭಕರ.

ರಸ್ತೆಯ ಉದ್ದ

ಪ್ರತಿಯೊಂದು ಟೋಲ್ ಪ್ಲಾಜಾಕ್ಕೂ ಹೆದ್ದಾರಿಯ ಒಂದು ನಿರ್ದಿಷ್ಟ ಭಾಗವನ್ನು ಸೇರಿಸಲಾಗಿರುತ್ತದೆ. ಆ ಭಾಗದ ಉದ್ದವನ್ನು ಕಿಲೋಮೀಟರ್ ದರದಿಂದ ಗುಣಿಸಿದರೆ ಶುಲ್ಕ ದೊರೆಯುತ್ತದೆ. ಒಂದೇ ದಿಕ್ಕಿನಲ್ಲಿ ಎರಡು ಪ್ಲಾಜಾಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರವಿರಬೇಕೆಂಬುದು ನಿಯಮವಾದರೂ ಅದಕ್ಕೆ ವಿನಾಯಿತಿಗಳಿವೆ. ಬದಿಯನ್ನು ಗಟ್ಟಿಗೊಳಿಸಿದ ದ್ವಿಪಥ ಹೆದ್ದಾರಿಗೆ ದರವು ಚತುಷ್ಪಥದ ಶೇ. 60ರಷ್ಟು.

ಸೇತುವೆ, ಸುರಂಗ, ಮೇಲ್ಸೇತುವೆ, ಎತ್ತರಿಸಿದ ರಸ್ತೆ ಮುಂತಾದ ನಿರ್ಮಾಣಗಳಿರುವಲ್ಲಿ ಅವುಗಳ ಉದ್ದವನ್ನು ಹತ್ತು ಪಟ್ಟು ಮಾಡಿ ಉಳಿದ ರಸ್ತೆಯ ಉದ್ದಕ್ಕೆ ಕೂಡಿಸಲಾಗುತ್ತದೆ. 2025ರ ಜುಲೈ ತಿಂಗಳಿನ ತಿದ್ದುಪಡಿಯು ಇದಕ್ಕೆ ಮಿತಿಯನ್ನು ವಿಧಿಸಿತು. ಅದರಂತೆ, ಮೇಲೆ ಹೇಳಿದ ಮೊತ್ತ ಅಥವಾ ಇಡೀ ಭಾಗದ ಉದ್ದದ ಐದು ಪಟ್ಟು, ಇವೆರಡರಲ್ಲಿ ಕಡಿಮೆಯಾದುದನ್ನು ಪರಿಗಣಿಸಬೇಕು. 40 ಕಿ.ಮೀ. ಭಾಗದಲ್ಲಿ 30 ಕಿ.ಮೀ. ಇಂತಹ ನಿರ್ಮಾಣವಿದ್ದರೆ ಹಿಂದಿನ ಲೆಕ್ಕದಲ್ಲಿ 310 ಕಿ.ಮೀ. ಆಗುತ್ತಿತ್ತು, ತಿದ್ದುಪಡಿಯಂತೆ 200 ಕಿ.ಮೀ. ಆಗುತ್ತದೆ. ಕಣ್ಣಿಗೆ ಚಿಕ್ಕದಾಗಿ ಕಾಣುವ ದಾರಿಗೆ ದೊಡ್ಡ ಶುಲ್ಕ ಬೀಳುವುದಕ್ಕೆ ಕಾರಣ ಇದೇ.

ವಾರ್ಷಿಕ ಪರಿಷ್ಕರಣೆ

ಮೂಲದರಕ್ಕೆ ಪ್ರತಿ ವರ್ಷ ಶೇ. 3ರಷ್ಟನ್ನು ಸೇರಿಸಲಾಗುತ್ತದೆ. ಚಕ್ರವೃದ್ಧಿಯಿಲ್ಲದೆ ಹೀಗೆ ಹೆಚ್ಚಿದ ದರವೇ ಆ ವರ್ಷದ ಮೂಲದರ. ಇದರ ಮೇಲೆ ಸಗಟು ಬೆಲೆ ಸೂಚ್ಯಂಕವು 2007ರ ಜನವರಿಯಿಂದ ಎಷ್ಟು ಏರಿದೆಯೋ ಅದರ ಶೇ. 40ರಷ್ಟನ್ನು ಕೂಡಿಸಲಾಗುತ್ತದೆ. ಸೂಚ್ಯಂಕವು ಅಂದಿಗಿಂತ ಶೇ. 50ರಷ್ಟು ಏರಿದೆಯೆಂದು ಭಾವಿಸಿದರೆ, ಆ ವರ್ಷದ ಮೂಲದರಕ್ಕೆ ಶೇ. 20ರಷ್ಟು ಸೇರುತ್ತದೆ. ಸಗಟು ಬೆಲೆಗಳು ಸ್ಥಿರವಾಗಿದ್ದ ವರ್ಷದಲ್ಲಿಯೂ ಶುಲ್ಕವು ಏರುವುದು ಶೇ. 3ರ ಈ ನಿಶ್ಚಿತ ಭಾಗದಿಂದ. ಪರಿಷ್ಕರಣೆಯು ಸಾಮಾನ್ಯವಾಗಿ ಏಪ್ರಿಲ್ 1ರಂದು ಜಾರಿಗೆ ಬರುವುದರಿಂದ, ಟೋಲ್ ಸೇರಿಸಿ ವಾರ್ಷಿಕ ಸಾಗಣೆ ಕರಾರು ಮಾಡಿಕೊಳ್ಳುವವರು ಆ ಏರಿಕೆಯನ್ನು ಯಾರು ಭರಿಸಬೇಕೆಂಬುದನ್ನು ಕರಾರಿನಲ್ಲಿಯೇ ಸ್ಪಷ್ಟಪಡಿಸಿಕೊಳ್ಳುವುದು ಒಳಿತು.

ರಿಯಾಯಿತಿಗಳು

24 ಗಂಟೆಗಳೊಳಗೆ ಅದೇ ಪ್ಲಾಜಾದ ಮೂಲಕ ಮರಳುವ ವಾಹನಕ್ಕೆ ಎರಡೂ ಪಯಣಗಳಿಗೆ ಸೇರಿ ಒಂದೂವರೆ ಪಟ್ಟು ಶುಲ್ಕ. 2020ರ ಆಗಸ್ಟ್ ತಿಂಗಳಿನ ತಿದ್ದುಪಡಿಯಿಂದ ಈ ರಿಯಾಯಿತಿಯನ್ನು ಫಾಸ್ಟ್ಯಾಗ್ ಮುಂತಾದ ಎಲೆಕ್ಟ್ರಾನಿಕ್ ಪಾವತಿಗೆ ಸೀಮಿತಗೊಳಿಸಲಾಯಿತು. ಒಂದು ತಿಂಗಳಲ್ಲಿ 50 ಪಯಣಗಳವರೆಗಿನ ಪಾಸಿಗೆ 50 ಒಂಟಿ ಪಯಣಗಳ ಶುಲ್ಕದ ಮೂರನೇ ಎರಡು ಭಾಗ, ಅಂದರೆ ಸುಮಾರು 33 ಪಯಣಗಳ ಹಣ. ಒಮ್ಮುಖ ಪಯಣಗಳೇ ಹೆಚ್ಚಾಗಿದ್ದರೆ 34ನೇ ಪಯಣದಿಂದ ಪಾಸು ಲಾಭಕರ. ಆದರೆ ಪ್ರತಿ ಸಲವೂ 24 ಗಂಟೆಗಳೊಳಗೆ ಮರಳುವ ಲಾರಿಗೆ 22 ಬಾರಿ ಹೋಗಿಬರಲು 33 ಪಯಣಗಳ ಹಣವೇ ಸಾಕಾಗುತ್ತದೆ. ಅಂತಹ ಲಾರಿಗೆ ಪಾಸು ಪ್ರಯೋಜನಕ್ಕೆ ಬರುವುದು ತಿಂಗಳಿಗೆ 23 ಅಥವಾ ಹೆಚ್ಚು ಸಲ ಹೋಗಿಬರುವುದಾದರೆ ಮಾತ್ರ.

ಪ್ಲಾಜಾ ಇರುವ ಜಿಲ್ಲೆಯಲ್ಲಿಯೇ ನೋಂದಣಿಯಾದ ವಾಣಿಜ್ಯ ವಾಹನಕ್ಕೆ ಶೇ. 50ರ ರಿಯಾಯಿತಿ ಇದೆ. ರಾಷ್ಟ್ರೀಯ ಪರವಾನಗಿಯ ವಾಹನಗಳಿಗೆ ಇದು ಅನ್ವಯಿಸದು. ಸರ್ವೀಸ್ ರಸ್ತೆ ಅಥವಾ ಪರ್ಯಾಯ ರಸ್ತೆ ಇರುವಲ್ಲಿಯೂ ದೊರೆಯದು.

ನಿಜವಾದ ದೂರದ ಪ್ರಶ್ನೆ

ಈ ಪದ್ಧತಿಯಲ್ಲಿ ದರವು ಕಿಲೋಮೀಟರಿಗೆ ನಿಗದಿಯಾಗಿದ್ದರೂ ವಸೂಲಿಯು ಬಹುತೇಕ ಕಡೆ ಲಾರಿಯು ನಿಜವಾಗಿ ಕ್ರಮಿಸಿದ ದೂರಕ್ಕಲ್ಲ. ಹತ್ತು ಕಿ.ಮೀ. ಮಾತ್ರ ಸಂಚರಿಸಿ ಪ್ಲಾಜಾವನ್ನು ದಾಟುವ ಲಾರಿಯು ಇಡೀ ಭಾಗದ ಶುಲ್ಕವನ್ನು ತೆರುತ್ತದೆ. ಪ್ಲಾಜಾದ ಆಚೆ ಕಚ್ಚಾ ಸರಕಿನ ಮೂಲವಿರುವ ಕಾರ್ಖಾನೆಗೆ ಇದು ನಿತ್ಯದ ಹೊರೆ.

ಜರ್ಮನಿಯಲ್ಲಿ ಇದಕ್ಕೆ ಬೇರೆ ಮಾರ್ಗವನ್ನು ಹಿಡಿಯಲಾಯಿತು. ಅಲ್ಲಿ 2005ರ ಜನವರಿ 1ರಿಂದ ಹೆದ್ದಾರಿಗಳಲ್ಲಿ 12 ಟನ್ ಹಾಗೂ ಅದಕ್ಕಿಂತ ಹೆಚ್ಚಿನ ಲಾರಿಗಳಿಗೆ ಸುಂಕದ ಕಟ್ಟೆಗಳಿಲ್ಲದೆ, ವಾಹನದಲ್ಲಿ ಅಳವಡಿಸಿದ ಉಪಗ್ರಹ ಆಧಾರಿತ ಸಾಧನದ ನೆರವಿನಿಂದ ಕ್ರಮಿಸಿದ ದೂರಕ್ಕೆ ಶುಲ್ಕವನ್ನು ಲೆಕ್ಕ ಹಾಕಲಾಗುತ್ತಿದೆ. 2024ರ ಜುಲೈ 1ರಿಂದ ಇದು 3.5 ಟನ್ನಿಗೆ ಮೇಲ್ಪಟ್ಟ ಸರಕು ವಾಹನಗಳಿಗೂ ವಿಸ್ತರಿಸಿತು. ಇರುಸು ಮತ್ತು ತೂಕದ ಜೊತೆಗೆ ಹೊಗೆಯ ಪ್ರಮಾಣವೂ ಅಲ್ಲಿ ದರವನ್ನು ನಿರ್ಧರಿಸುತ್ತದೆ.

ಭಾರತದಲ್ಲಿಯೂ 2024ರ ಸೆಪ್ಟೆಂಬರ್‌ನಲ್ಲಿ ಉಪಗ್ರಹ ಆಧಾರಿತ ವಸೂಲಿಗೆ ಅವಕಾಶ ನೀಡುವ ತಿದ್ದುಪಡಿಯಾಯಿತು. ಇದರ ಪ್ರಾಯೋಗಿಕ ಅಧ್ಯಯನವು ಬೆಂಗಳೂರು-ಮೈಸೂರು ಮತ್ತು ಹರಿಯಾಣದ ಪಾಣಿಪತ್-ಹಿಸಾರ್ ಹೆದ್ದಾರಿಗಳಲ್ಲಿ ನಡೆದಿತ್ತು. ಈ ಪದ್ಧತಿಯಲ್ಲಿ ಪ್ರತಿ ದಿಕ್ಕಿಗೆ ದಿನಕ್ಕೆ ಮೊದಲ 20 ಕಿ.ಮೀ. ಉಚಿತವೆಂದು ಹೇಳಲಾಗಿದೆ, ರಾಷ್ಟ್ರೀಯ ಪರವಾನಗಿಯ ವಾಹನಗಳನ್ನು ಆ ಸೌಲಭ್ಯದಿಂದ ಹೊರಗಿಡಲಾಗಿದೆ. ದೂರದ ಊರುಗಳಿಗೆ ಓಡುವ ಲಾರಿಗಳಲ್ಲಿ ಹೆಚ್ಚಿನವು ಇದೇ ಪರವಾನಗಿಯವು ಎಂಬುದನ್ನು ವರ್ತಕರು ಮನಗಾಣಬೇಕು.

ಬಿಲ್ಲಿನ ಪರಿಶೀಲನೆ

ಪ್ರತಿ ಪ್ಲಾಜಾದ ದರಪಟ್ಟಿಯು ಸ್ಥಳದಲ್ಲಿ ಫಲಕದ ಮೇಲೆ ಪ್ರಕಟವಾಗಿರುತ್ತದೆ. ನಿತ್ಯ ಬಳಸುವ ಮಾರ್ಗದ ಪ್ಲಾಜಾಗಳ ಹೆಸರು, ವಾಹನದ ಇರುಸುಗಳ ಸಂಖ್ಯೆ ಮತ್ತು ದರವನ್ನು ಬರೆದಿಟ್ಟುಕೊಂಡು, ಸಾಗಣೆದಾರರಿಂದ ಫಾಸ್ಟ್ಯಾಗ್ ಖಾತೆಯ ವಿವರವನ್ನು ಪಡೆದು ತಾಳೆ ನೋಡುವುದು ಉಚಿತ. ಮರುಪಯಣದ ರಿಯಾಯಿತಿಯನ್ನು ಪಡೆದೂ ಬಿಲ್ಲಿನಲ್ಲಿ ಎರಡು ಪೂರ್ಣ ಶುಲ್ಕಗಳನ್ನು ತೋರಿಸಲಾಗಿದೆಯೇ, ಫಾಸ್ಟ್ಯಾಗ್ ನಿಷ್ಕ್ರಿಯವಾಗಿದ್ದ ಕಾರಣ ತೆತ್ತ ಹೆಚ್ಚುವರಿ ಶುಲ್ಕವನ್ನು ಸರಕಿನವರ ಮೇಲೆ ಹೊರಿಸಲಾಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ತಿಂಗಳೂ ಕೇಳಿಕೊಳ್ಳುವುದು ಅಗತ್ಯ.