ಮಗ ನೌಕಾಪಡೆಗೆ ಹೋದಾಗ: ಮನೆಯಲ್ಲಿ ಉಳಿದವರ ಆರೋಗ್ಯ

ನೌಕಾಪಡೆಯ ತರಬೇತಿಗೆ ಸೇರಿದ ತರುಣನ ಆರೋಗ್ಯವನ್ನು ನೋಡಿಕೊಳ್ಳಲು ಅಲ್ಲಿ ವೈದ್ಯರಿದ್ದಾರೆ, ಆಹಾರಕ್ಕೆ ಪ್ರಮಾಣವಿದೆ, ಏಳುವುದಕ್ಕೂ ಮಲಗುವುದಕ್ಕೂ ವೇಳೆ ಗೊತ್ತಾಗಿದೆ. ಮನೆಯಲ್ಲಿ ಉಳಿದ ತಂದೆತಾಯಿಗಳಿಗೆ ಮಾತ್ರ ಇವು ಯಾವುವೂ ಇಲ್ಲ. ಮಗನ ದಿನಚರಿ ಕ್ರಮಬದ್ಧವಾಗುತ್ತ ಹೋದಂತೆ ಅವರ ದಿನಚರಿ ಕ್ರಮ ತಪ್ಪುತ್ತ ಹೋಗುವುದು ಸರ್ವೇಸಾಮಾನ್ಯ. ಊಟದ ಹೊತ್ತು ಹೋಗುತ್ತದೆ, ನಿದ್ರೆ ಕೆಡುತ್ತದೆ, ರಕ್ತದೊತ್ತಡದ ಮಾತ್ರೆ ಮರೆತುಹೋಗುತ್ತದೆ. ಆದುದರಿಂದ ತರಬೇತಿಯ ಅವಧಿಯನ್ನು ಮಕ್ಕಳಂತೆಯೇ ಹೆತ್ತವರೂ ಒಂದು ಕ್ರಮದಿಂದ ಕಳೆಯಬೇಕಾದುದು ಅವಶ್ಯಕ.

ಸಾವನೇರ್ ಪಟ್ಟಣವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನಾಗಪುರದಿಂದ ಛಿಂದವಾಡಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಈ ತಾಲ್ಲೂಕು ಕೇಂದ್ರದ ಸುತ್ತಲೂ ಕಿತ್ತಳೆಯ ತೋಟಗಳು, ಹತ್ತಿಯ ಹೊಲಗಳು, ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯ ಕಲ್ಲಿದ್ದಲ ಗಣಿಗಳು ಇವೆ. ಅದೇ ತಾಲ್ಲೂಕಿನ ಖಾಪರಖೇಡಾದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಸೈನ್ಯವೆಂದರೆ ಈ ಪ್ರದೇಶದ ಜನರಿಗೆ ಹೊಸದೇನೂ ಅಲ್ಲ. ಕಾಮಠಿಯಲ್ಲಿ ಗಾರ್ಡ್ಸ್ ರೆಜಿಮೆಂಟಿನ ಕೇಂದ್ರವೂ ನಾಗಪುರದಲ್ಲಿ ವಾಯುಪಡೆಯ ನಿರ್ವಹಣಾ ಕಮಾಂಡಿನ ಮುಖ್ಯ ಕಚೇರಿಯೂ ಇವೆ. ಆದರೆ ಸಮುದ್ರ ನೂರಾರು ಮೈಲಿ ದೂರ. ಉದ್ಯೋಗ ನಿಮಿತ್ತ ಇಂತಹ ಊರಿಗೆ ಬಂದು ನೆಲೆಸಿದ ಒಂದು ಕನ್ನಡ ಕುಟುಂಬದ ಮಗ ನೌಕಾಪಡೆಗೆ ಆಯ್ಕೆಯಾದನೆಂದು ಭಾವಿಸೋಣ. ಧಾರವಾಡದಲ್ಲೋ ಬೀದರಿನಲ್ಲೋ ಇದ್ದಿದ್ದರೆ ಸಂಜೆಯ ಹೊತ್ತಿಗೆ ಅಜ್ಜಿ, ಸೋದರತ್ತೆ, ನೆರೆಯವರು ಬಂದು ತಾಯಿಯ ಬಳಿ ಕುಳಿತು ನಾಲ್ಕು ಮಾತಾಡುತ್ತಿದ್ದರು. ಇಲ್ಲಿ ಅಂತಹ ಬಂಧುಬಳಗವಿಲ್ಲ. ಮಹಾನಗರದ ಫ್ಲಾಟುಗಳಲ್ಲಿ ವಾಸಿಸುವ ಕನ್ನಡಿಗರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಮಗ ಹೋದ ಮನೆಯ ಮೌನ ಪರವೂರಿನಲ್ಲಿ ಇಮ್ಮಡಿಯಾಗುತ್ತದೆ.

ಚಿಲ್ಕಾದಲ್ಲಿ ನಡೆಯುವುದೇನು?

ತಿಳಿಯದಿರುವುದೇ ಭಯದ ಮೂಲ. ಆದುದರಿಂದ ಮಕ್ಕಳು ಹೋಗುವ ಸ್ಥಳದ ಪರಿಚಯ ಮೊದಲು ಆಗಬೇಕು. ಭಾರತೀಯ ನೌಕಾಪಡೆಯ ನಾವಿಕರಿಗೆ ಪ್ರಾರಂಭಿಕ ಶಿಕ್ಷಣ ಕೊಡುವ ಐ.ಎನ್.ಎಸ್. ಚಿಲ್ಕಾ ಕೇಂದ್ರವು 1980ರಲ್ಲಿ ಸ್ಥಾಪನೆಯಾಯಿತು. ಹೆಸರಿನಲ್ಲಿ ಹಡಗಿನ ಸೂಚನೆಯಿದ್ದರೂ ಅದು ನೆಲದ ಮೇಲಿನ ಕೇಂದ್ರವೇ. ಒಡಿಶಾದ ಖುರ್ದಾ ಜಿಲ್ಲೆಯಲ್ಲಿ, ಚಿಲ್ಕಾ ಸರೋವರದ ಸಮೀಪದಲ್ಲಿ ಅದು ಇದೆ. ಅಗ್ನಿಪಥ ಯೋಜನೆ 2022ರ ಜೂನ್ 14ರಂದು ಪ್ರಕಟವಾದ ಮೇಲೆ ಅಲ್ಲಿ ತರಬೇತಿ ಪಡೆದ ಮೊದಲ ಅಗ್ನಿವೀರರ ನಿರ್ಗಮನ ಪಥಸಂಚಲನ 2023ರ ಮಾರ್ಚ್ 28ರಂದು ಸೂರ್ಯಾಸ್ತದ ಅನಂತರ ನಡೆಯಿತು. ಸುಮಾರು 2,600 ಮಂದಿಯ ಆ ತಂಡದಲ್ಲಿ 273 ತರುಣಿಯರಿದ್ದರು. ಹೀಗಾಗಿ ಇಲ್ಲಿ ಮಗನ ವಿಷಯದಲ್ಲಿ ಹೇಳುವ ಮಾತೆಲ್ಲ ಮಗಳಿಗೂ ಅನ್ವಯಿಸುತ್ತದೆ.

ಆ ತಂಡದ ತರಬೇತಿಯ ಅವಧಿ 16 ವಾರ. ಕವಾಯತು, ಈಜು, ದೋಣಿ ನಡೆಸುವುದು, ಬಂದೂಕಿನ ಅಭ್ಯಾಸ, ನೌಕಾವಿದ್ಯೆಯ ಪಾಠಗಳು ಇವೆಲ್ಲ ಅದರಲ್ಲಿ ಸೇರುತ್ತವೆ. ಬೆಳಗಿನ ಜಾವಕ್ಕೇ ಏಳುವುದು, ಹಾಸಿಗೆಯನ್ನು ಮಡಿಸುವುದು, ಬಟ್ಟೆಯನ್ನು ತಾನೇ ಒಗೆದುಕೊಳ್ಳುವುದು ಅನೇಕ ಹುಡುಗರಿಗೆ ಜೀವನದಲ್ಲಿ ಮೊದಲ ಅನುಭವ. ಮೊದಲ ವಾರಗಳಲ್ಲಿ ಮೈಕೈ ನೋವು, ಕಾಲಿನಲ್ಲಿ ಬೊಬ್ಬೆ, ಕರಾವಳಿಯ ಸೆಕೆಯಿಂದ ಆಯಾಸ ಸಹಜ. ಮೈ ಕಪ್ಪಾಗಬಹುದು, ತೂಕ ಇಳಿಯಬಹುದು. ಛಾಯಾಚಿತ್ರದಲ್ಲಿ ಮಗನ ಕೆನ್ನೆ ಒಳಗೆ ಹೋದುದನ್ನು ಕಂಡು ತಾಯಿ ಮರುಗುವುದುಂಟು; ಆದರೆ ಅದು ಎಲ್ಲ ಸಂದರ್ಭದಲ್ಲಿಯೂ ಕಾಯಿಲೆಯ ಲಕ್ಷಣವಲ್ಲ. ಊಟದ ವಿಷಯದಲ್ಲಿಯೂ ಚಿಂತೆ ಬೇಡ. ಸೇನೆಯ ಪಡಿತರದಲ್ಲಿ ಶಾಕಾಹಾರಿಗಳಿಗೂ ಅವಕಾಶವಿದೆ. ನೌಕಾಪಡೆಯ ಧ್ಯೇಯವಾಕ್ಯವು ತೈತ್ತಿರೀಯ ಉಪನಿಷತ್ತಿನ ಶಾಂತಿಮಂತ್ರದಿಂದ ಬಂದದ್ದು; ವರುಣನು ಮಂಗಳವನ್ನುಂಟುಮಾಡಲಿ ಎಂಬುದು ಅದರ ಆಶಯ. ಮನೆಯಲ್ಲಿ ಆ ಮಂತ್ರವನ್ನು ಕೇಳಿ ಬೆಳೆದವರಿಗೆ ಸಮುದ್ರವು ತೀರ ಅಪರಿಚಿತವೆಂದು ತೋರಬೇಕಾಗಿಲ್ಲ.

ಮೌನವೂ ಶರೀರವೂ

ತರಬೇತಿಯಲ್ಲಿರುವವರ ಕೈಯಲ್ಲಿ ಮೊಬೈಲ್ ಸದಾ ಇರುವುದಿಲ್ಲ. ಅವಕಾಶ ದೊರೆತ ಹೊತ್ತಿನಲ್ಲಿ ಮಾತ್ರ ಮಾತು; ಅದೂ ಕೆಲವೇ ನಿಮಿಷ. ನಿನ್ನೆಯವರೆಗೆ ಟ್ಯೂಷನ್ನಿಗೆ ಹೋದ ಮಗ ಹತ್ತು ನಿಮಿಷ ತಡವಾದರೆ ಫೋನ್ ಮಾಡುತ್ತಿದ್ದ ಹೆತ್ತವರಿಗೆ ಈ ಮೌನ ಹೊಸದು. ಬಾರದ ಕರೆಗೆ ಮನಸ್ಸು ತಾನೇ ಕಾರಣಗಳನ್ನು ಕಲ್ಪಿಸಿಕೊಳ್ಳುತ್ತದೆ. ಆ ಕಾರಣಗಳಲ್ಲಿ ಒಳ್ಳೆಯದೊಂದೂ ಇರುವುದಿಲ್ಲ. ಚಿಂತೆಗೂ ಚಿತೆಗೂ ನಡುವೆ ಇರುವುದು ಒಂದು ಸೊನ್ನೆ ಮಾತ್ರ ಎಂದು ಹಿರಿಯರು ಹೇಳುತ್ತಿದ್ದರು. ಲೆಕ್ಕ ಬಲ್ಲವರಿಗೆ ಒಂದು ಸೊನ್ನೆಯ ಬೆಲೆ ಚೆನ್ನಾಗಿ ಗೊತ್ತು.

ಚಿಂತೆ ಮನಸ್ಸಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಪಾಯವಿದೆಯೆಂದು ಮಿದುಳು ಭಾವಿಸಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತದಲ್ಲಿ ಏರುತ್ತವೆ. ಹೃದಯದ ಬಡಿತ, ರಕ್ತದೊತ್ತಡ, ರಕ್ತದ ಸಕ್ಕರೆ ಹೆಚ್ಚುತ್ತವೆ. ಕ್ಷಣಿಕ ಅಪಾಯಕ್ಕೆ ಇದು ಪ್ರಕೃತಿ ಕೊಟ್ಟ ರಕ್ಷಣೆ. ಆದರೆ ಇದೇ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ನಿದ್ರೆ ಹಾಳಾಗುತ್ತದೆ, ಜೀರ್ಣಶಕ್ತಿ ಕುಗ್ಗುತ್ತದೆ, ಮೊದಲೇ ಇರುವ ಮಧುಮೇಹ ಮತ್ತು ರಕ್ತದೊತ್ತಡ ಹತೋಟಿ ತಪ್ಪುತ್ತವೆ. ಮಕ್ಕಳು ಹದಿನೆಂಟು ಇಪ್ಪತ್ತರ ವಯಸ್ಸಿಗೆ ಬರುವ ಹೊತ್ತಿಗೆ ತಂದೆತಾಯಿಗಳು ಈ ಎರಡು ಕಾಯಿಲೆಗಳು ಕಾಣಿಸಿಕೊಳ್ಳುವ ವಯಸ್ಸಿನಲ್ಲಿಯೇ ಇರುತ್ತಾರೆ ಎಂಬುದನ್ನು ಮರೆಯಲಾಗದು.

ಇದಕ್ಕೆ ಪರಿಹಾರ ಸರಳವಾದುದು. ಏಳುವ, ಉಣ್ಣುವ, ಮಲಗುವ ಹೊತ್ತನ್ನು ನಿಗದಿಪಡಿಸಬೇಕು. ಬೆಳಿಗ್ಗೆ ಅರ್ಧ ಗಂಟೆ ನಡೆಯಬೇಕು. ಗಂಡ ಹೆಂಡತಿ ಕೂಡಿ ನಡೆದರೆ ಇನ್ನೂ ಒಳ್ಳೆಯದು, ಏಕೆಂದರೆ ಮನೆಯೊಳಗೆ ಆಡಲಾಗದ ಮಾತು ರಸ್ತೆಯಲ್ಲಿ ಬರುತ್ತದೆ. ತಂದೆಯಾದವನು ಅಳಬಾರದೆಂಬ ಕಟ್ಟುಪಾಡಿನಿಂದ ಅನೇಕರು ಮೌನವಾಗಿ ಕಚೇರಿಗೆ ಹೋಗಿಬರುತ್ತಾರೆ. ಅವರ ಚಿಂತೆ ಕೋಪದ ರೂಪದಲ್ಲಿ ಹೊರಬೀಳುತ್ತದೆ. ಕಿರಿಯ ಮಕ್ಕಳಿದ್ದರೆ ಅವರ ಮೇಲೆಯೇ ಅದು ಬೀಳುವುದು. ರಾತ್ರಿ ಮೊಬೈಲನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವ ಬದಲು, ಗಂಟೆಯ ಧ್ವನಿ ಕೇಳುವಷ್ಟು ದೂರದಲ್ಲಿ ಇಡುವುದು ಲೇಸು.

ಹರಕೆ, ಉಪವಾಸ, ಔಷಧ

ಮಗ ಕ್ಷೇಮವಾಗಿ ಬರುವವರೆಗೆ ಸೋಮವಾರವೋ ಶನಿವಾರವೋ ಉಪವಾಸವಿರುತ್ತೇನೆಂದು ತಾಯಂದಿರು ಹರಕೆ ಹೊರುವುದುಂಟು. ಶ್ರದ್ಧೆಯನ್ನು ಪ್ರಶ್ನಿಸಬೇಕಾಗಿಲ್ಲ. ಆದರೆ ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರು ಔಷಧ ಸೇವಿಸಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ಕೈನಡುಕ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು ಅದರ ಲಕ್ಷಣಗಳು. ಎಚ್ಚರವಿದ್ದರೆ ತಕ್ಷಣ ಸಕ್ಕರೆಯ ನೀರು ಕುಡಿಸಬೇಕು; ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಉಪವಾಸ ಬಿಡಬಾರದೆಂದಿದ್ದರೆ ವೈದ್ಯರನ್ನು ಮೊದಲೇ ಕೇಳಬೇಕು. ಇಲ್ಲವೇ ಒಂದು ಹೊತ್ತಿನ ಸಿಹಿಯನ್ನೋ ಕಾಫಿಯನ್ನೋ ಬಿಡುವ ಹರಕೆಯನ್ನು ಹೊರಬಹುದು. ಎದೆನೋವು ಬಂದರೆ ಮಗನ ನೆನಪಿನಿಂದ ಬಂದಿತೆಂದು ತಳ್ಳಿಹಾಕದೆ ಕೂಡಲೇ ತಪಾಸಣೆ ಮಾಡಿಸಬೇಕು.

ಎರಡು ವಾರ ಕಳೆದರೂ ಯಾವುದರಲ್ಲಿಯೂ ಆಸಕ್ತಿ ಬಾರದೆ, ನಿದ್ರೆ ಹಸಿವುಗಳಿಲ್ಲದೆ ಬರಿಯ ಅಳುವೇ ಆಗಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಪ್ರಾರಂಭಿಸಿದ ಟೆಲಿ ಮಾನಸ್ ಸೇವೆಯನ್ನು 14416 ಎಂಬ ಸಂಖ್ಯೆಗೆ ಕರೆ ಮಾಡಿ ಹಗಲಿರುಳು ಉಚಿತವಾಗಿ ಪಡೆಯಬಹುದು. ಕನ್ನಡದಲ್ಲಿಯೂ ಅದು ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಪ್ರಧಾನ ಕೇಂದ್ರ. ದುಃಖವನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಹೇಳಿಕೊಳ್ಳಲು ತಡವರಿಸುವ ತಾಯಿಗೆ ಇದು ಸಣ್ಣ ಸಹಾಯವಲ್ಲ.

ಪತ್ರ ಬರೆಯುವ ಅಭ್ಯಾಸ

ಕರೆ ವಿರಳವಾದಾಗ ಪತ್ರಕ್ಕೆ ಮತ್ತೆ ಬೆಲೆ ಬರುತ್ತದೆ. ಪತ್ರವನ್ನು ಮಗ ಬೇಕಾದಾಗ ಮತ್ತೆ ಮತ್ತೆ ಓದಬಹುದು. ಆದರೆ ಪರವೂರಿನ ಕನ್ನಡಿಗರಿಗೆ ಇಲ್ಲೊಂದು ತೊಡಕಿದೆ. ವಿದರ್ಭದಲ್ಲಿ ಓದಿದ ಮಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ತಾಯಿಗೆ ಕನ್ನಡವಲ್ಲದೆ ಬೇರೆ ಭಾಷೆಯಲ್ಲಿ ಮನಸ್ಸು ಬಿಚ್ಚಿ ಬರೆಯಲು ಬಾರದು. ಅಂತಹವರು ಕನ್ನಡದ ಮಾತನ್ನೇ ನಾಗರಿ ಲಿಪಿಯಲ್ಲಿ ಬರೆಯಬಹುದು. ಲಿಪಿ ಬೇರೆಯಾದರೂ ಓದುವಾಗ ಕಿವಿಗೆ ಬೀಳುವುದು ತಾಯಿಯ ಧ್ವನಿಯೇ.

ಪತ್ರದಲ್ಲಿ ಏನಿರಬೇಕು? ಮನೆಯ ಸಾಮಾನ್ಯ ಸುದ್ದಿ: ತಂಗಿಯ ಪರೀಕ್ಷೆ, ಕಿತ್ತಳೆಯ ಫಸಲು, ಹಬ್ಬಕ್ಕೆ ಮಾಡಿದ ಹೋಳಿಗೆ, ಅಜ್ಜನ ಕನ್ನಡಕ. ಏನಿರಬಾರದು? ನೀನಿಲ್ಲದೆ ನಾನು ಊಟ ಮಾಡಿಲ್ಲ ಎಂಬ ಮಾತು, ಮನೆಯ ಸಾಲದ ಕಂತು, ನೆಂಟರ ಜಗಳ. ದೂರದಲ್ಲಿರುವವನಿಗೆ ಅವುಗಳ ಬಗ್ಗೆ ಏನನ್ನೂ ಮಾಡಲಾಗದು; ಕವಾಯತಿನ ನಡುವೆ ಅವು ಮನಸ್ಸಿನಲ್ಲಿ ಕೊರೆಯುತ್ತಿರುತ್ತವೆ. ಹಾಗೆಂದು ಗಂಭೀರವಾದ ಕಾಯಿಲೆಯನ್ನೋ ಸಾವನ್ನೋ ಮುಚ್ಚಿಡುವುದೂ ತರವಲ್ಲ. ಅಂತಹ ಸಂದರ್ಭದಲ್ಲಿ ತರಬೇತಿ ಕೇಂದ್ರದ ಅಧಿಕಾರಿಗಳ ಮೂಲಕ ತಿಳಿಸುವುದು ಸೂಕ್ತ.

ಮಗ ಫೋನಿನಲ್ಲಿ ಅತ್ತರೆ

ಹೆತ್ತವರಿಗೆ ಅತ್ಯಂತ ಕಠಿಣವಾದ ಗಳಿಗೆ ಇದು. “ಅಪ್ಪಾ, ನನಗೆ ಆಗುವುದಿಲ್ಲ, ಬಂದು ಕರೆದುಕೊಂಡು ಹೋಗಿ” ಎಂದು ಮಗ ಅತ್ತಾಗ ಮೊದಲ ರೈಲು ಹಿಡಿಯಬೇಕೆನಿಸುತ್ತದೆ. ಗದರಿಸಿ ಮರ್ಯಾದೆಯ ಮಾತೆತ್ತುವುದೂ, ನಾಳೆಯೇ ಬರುತ್ತೇವೆ ಎಂದು ಭಾಷೆ ಕೊಡುವುದೂ ಎರಡೂ ತಪ್ಪು. ಅಗ್ನಿವೀರನು ತನ್ನಿಚ್ಛೆಯಿಂದ ನಡುವೆ ಬಿಟ್ಟುಬರಲು ನಿಯಮದಲ್ಲಿ ಅವಕಾಶವಿಲ್ಲ. ವಿಶೇಷ ಸಂದರ್ಭಗಳಲ್ಲಿ ಮಾತ್ರ ಸಂಬಂಧಿಸಿದ ಅಧಿಕಾರಿಯ ಅನುಮತಿಯಿಂದ ಅದು ಸಾಧ್ಯ. ಮೊದಲು ಅವನ ಮಾತನ್ನು ಪೂರ್ತಿ ಕೇಳಬೇಕು. ಕಷ್ಟವಾಗುತ್ತಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಮುಂದಿನ ಕರೆಯವರೆಗೆ ಎಂಬಂತೆ ಸಣ್ಣ ಗಡುವು ಹಾಕಿಕೊಡಬೇಕು. ಮನೆಯ ಹಂಬಲ ಸಾಮಾನ್ಯವಾಗಿ ಮೊದಲ ವಾರಗಳಲ್ಲಿ ತೀವ್ರವಾಗಿದ್ದು, ಗೆಳೆಯರು ದೊರೆತಂತೆ ಇಳಿಯುತ್ತದೆ. ಅನೇಕ ವೇಳೆ ಅತ್ತ ಮಗ ಹಗುರಾಗಿ ಮಲಗುತ್ತಾನೆ. ಕೇಳಿದ ತಾಯಿ ರಾತ್ರಿಯಿಡೀ ಎಚ್ಚರವಿರುತ್ತಾಳೆ.

ಆದರೆ ಎಲ್ಲ ಅಳುವನ್ನೂ ಮನೆಯ ಹಂಬಲವೆಂದು ಬಗೆಯಬಾರದು. ಸಾಯುವ ಮಾತನ್ನಾಡಿದರೆ, ಗಾಯವನ್ನೋ ಜ್ವರವನ್ನೋ ವೈದ್ಯರಿಗೆ ಹೇಳದೆ ಮುಚ್ಚಿಡುತ್ತಿದ್ದರೆ, ಯಾರಾದರೂ ಹಿಂಸಿಸುತ್ತಿದ್ದಾರೆಂದರೆ ತಡಮಾಡದೆ ತರಬೇತಿ ಕೇಂದ್ರಕ್ಕೆ ತಿಳಿಸುವುದು ಹೆತ್ತವರ ಕರ್ತವ್ಯ. ಹೊರಡುವ ಮೊದಲೇ ಅಲ್ಲಿನ ಅಧಿಕೃತ ದೂರವಾಣಿ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಟ್ಟರೆ ಆತಂಕದ ಹೊತ್ತಿನಲ್ಲಿ ಹುಡುಕಬೇಕಾಗುವುದಿಲ್ಲ.

ಆ ಸಂಖ್ಯೆಯಿಂದ ಇನ್ನೊಂದು ಪ್ರಯೋಜನವೂ ಉಂಟು. ಮಗನಿಗೆ ಅಪಘಾತವಾಗಿದೆ, ಮಗ ಪೊಲೀಸರ ವಶದಲ್ಲಿದ್ದಾನೆ, ಕೂಡಲೇ ಹಣ ಕಳುಹಿಸಿ ಎಂದು ಬೆದರಿಸುವ ವಂಚಕರು ಈಗ ಎಲ್ಲೆಡೆ ಇದ್ದಾರೆ. ಮಗನಿಗೆ ನೇರವಾಗಿ ಕರೆ ಮಾಡಲಾಗದ ಹೆತ್ತವರು ಅವರಿಗೆ ಸುಲಭದ ಬೇಟೆ. ಅಂತಹ ಕರೆ ಬಂದರೆ ಹಣ ಕಳುಹಿಸದೆ ಕೇಂದ್ರವನ್ನೇ ವಿಚಾರಿಸಬೇಕು. ಹಣ ಹೋಗಿಬಿಟ್ಟಿದ್ದರೆ ಕ್ಷಣವೂ ತಡಮಾಡದೆ 1930ಕ್ಕೂ ತಮ್ಮ ಬ್ಯಾಂಕಿಗೂ ತಿಳಿಸಬೇಕು. ಮಗನ ತಂಡ, ಸಂಖ್ಯೆ, ಪ್ರಯಾಣದ ದಿನಗಳನ್ನು ವಾಟ್ಸಾಪಿನಲ್ಲಿ ಹಂಚದಿರುವುದು ಲೇಸು.

ಲೆಕ್ಕದ ಮಾತು

ಚಿಂತೆಯ ಒಂದು ಭಾಗ ಭವಿಷ್ಯದ್ದು. ನಾಲ್ಕು ವರ್ಷದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಅಂಕಿಗಳು ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತವೆ. ಯೋಜನೆ ಪ್ರಕಟವಾದಾಗ ತಿಳಿಸಿದಂತೆ ಮೊದಲ ವರ್ಷದ ಮಾಸಿಕ ವೇತನ 30,000 ರೂಪಾಯಿ, ನಾಲ್ಕನೆಯ ವರ್ಷ 40,000 ರೂಪಾಯಿ. ಇದರಲ್ಲಿ ಶೇಕಡಾ 30 ಭಾಗ ಸೇವಾನಿಧಿಗೆ ಹೋಗುವುದರಿಂದ ಮೊದಲ ವರ್ಷ ಕೈಗೆ ಬರುವುದು 21,000 ರೂಪಾಯಿ. ನಾಲ್ಕು ವರ್ಷದಲ್ಲಿ ನಾವಿಕನ ಪಾಲು 5.02 ಲಕ್ಷ, ಸರ್ಕಾರದ ಪಾಲು ಅಷ್ಟೇ, ಒಟ್ಟು 10.04 ಲಕ್ಷ ಮತ್ತು ಬಡ್ಡಿ. ಈ ಮೊತ್ತಕ್ಕೆ ಆದಾಯ ತೆರಿಗೆಯಿಲ್ಲ. ಸೇವೆಯ ಕಾಲಕ್ಕೆ 48 ಲಕ್ಷ ರೂಪಾಯಿಯ ಜೀವವಿಮೆ ಉಂಟು. ಆದರೆ ಈ ನಾಲ್ಕು ವರ್ಷಕ್ಕೆ ಪಿಂಚಣಿಯಾಗಲಿ ಗ್ರಾಚ್ಯುಯಿಟಿಯಾಗಲಿ ಇಲ್ಲ. ಕಾಯಂ ಸೇವೆಗೆ ಆಯ್ಕೆಯಾಗುವವರ ಪ್ರಮಾಣ ಆ ಪ್ರಕಟಣೆಯಂತೆ ಶೇಕಡಾ 25ರವರೆಗೆ. ನಿಯಮಗಳು ಬದಲಾಗಬಹುದಾದುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದಿಕೊಳ್ಳಬೇಕು. ಕಾಯಂ ಆಗುವನೆಂದು ನಂಬಿ ಇಂದೇ ಮನೆ ಕಟ್ಟಲು ಸಾಲ ಮಾಡುವುದೂ, ಆಗುವುದಿಲ್ಲವೆಂದು ಇಂದಿನಿಂದಲೇ ಕೊರಗುವುದೂ ವಿವೇಕವಲ್ಲ. ಸೇವಾನಿಧಿಯನ್ನು ಮಗನ ಮುಂದಿನ ವಿದ್ಯೆಗೆ, ಉದ್ಯೋಗಕ್ಕೆ ಮೀಸಲೆಂದು ಮನೆಯವರು ಈಗಲೇ ಒಪ್ಪಿಕೊಂಡರೆ ಅರ್ಧ ಚಿಂತೆ ಕಳೆಯುತ್ತದೆ.

ಸಂಘಸಂಸ್ಥೆಗಳ ಪಾತ್ರ

ಬಂಧುಗಳು ದೂರವಿರುವಲ್ಲಿ ಕನ್ನಡ ಸಂಘಗಳೇ ಬಂಧುಗಳ ಸ್ಥಾನವನ್ನು ತುಂಬಬೇಕು. ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ ಸನ್ಮಾನಿಸುವುದು ಸಂತೋಷದ ವಿಷಯವೇ. ಅದಕ್ಕಿಂತ ಮಿಗಿಲಾದ ಉಪಕಾರವೆಂದರೆ ಮಗ ಹೋದ ಮೊದಲ ತಿಂಗಳಲ್ಲಿ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಒಂದು ಗಂಟೆ ಕುಳಿತು ಬರುವುದು. ಮಕ್ಕಳನ್ನು ಹಿಂದೆಯೇ ಸೇನೆಗೆ ಕಳುಹಿಸಿದ ಹಿರಿಯರು ಸಂಘದಲ್ಲಿದ್ದರೆ ಅವರ ಅನುಭವದ ಮಾತು ಔಷಧಕ್ಕೆ ಸಮಾನ.

ಚಿಲ್ಕಾದ ತರಬೇತಿ ಮುಗಿದೊಡನೆ ಅಗಲಿಕೆ ಮುಗಿಯುವುದಿಲ್ಲ. ಮಗ ಹಡಗಿಗೆ ಹೋಗುತ್ತಾನೆ. ವೃತ್ತಿಶಿಕ್ಷಣಕ್ಕಾಗಿ ಲೋನಾವಳೆಯ ಐ.ಎನ್.ಎಸ್. ಶಿವಾಜಿಗೋ ಜಾಮನಗರದ ಐ.ಎನ್.ಎಸ್. ವಲ್ಸುರಾಕ್ಕೋ ತೆರಳಬಹುದು, ಮುಂದೊಂದು ದಿನ ಕಾರವಾರದ ಕದಂಬ ನೌಕಾನೆಲೆಗೆ ಬಂದು ಹೆತ್ತವರ ನಾಡನ್ನೇ ಕಾಯಲೂಬಹುದು. ಹಡಗು ಸಮುದ್ರದಲ್ಲಿರುವಾಗ ಮೌನದ ದಿನಗಳು ಮತ್ತೆ ಬರುತ್ತವೆ. ಆದುದರಿಂದ ಮೊದಲ 16 ವಾರಗಳಲ್ಲಿ ರೂಢಿಸಿಕೊಂಡ ನಡಿಗೆ, ಹೊತ್ತಿಗೆ ಸರಿಯಾದ ಊಟ, ವಾರದ ಪತ್ರ ಇವನ್ನು ಬಿಡದೆ ಮುಂದುವರಿಸಬೇಕು. ರಜೆಯಲ್ಲಿ ಮನೆಗೆ ಬರುವ ಮಗನಿಗೆ ಆರೋಗ್ಯವಂತರಾದ ತಂದೆತಾಯಿಗಳು ಬಾಗಿಲು ತೆರೆಯುವಂತಾಗಲಿ.